ಗುಂಪಿನ ಪ್ರಾಜೆಕ್ಟು: ಜೊತೆಯವರ ಕೈಗೆ ಕೆಲಸ ಕೊಡುವುದು ಹೇಗೆ?

ಗುಂಪು ಪ್ರಾಜೆಕ್ಟಿನ ಕುರಿತು ಕಾಸರಗೋಡು, ಹೊಸೂರು, ಅಕ್ಕಲಕೋಟೆ, ತಾಳವಾಡಿ, ರಾಯದುರ್ಗ ಕಡೆಯ ಓದುಗರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರ ಹೆಸರು, ಕಾಲೇಜು ಬಿಟ್ಟಿದ್ದೇವೆ. ಮೊದಲ ಪತ್ರದ ಉತ್ತರ ಉದ್ದವಿದೆ. ಉಳಿದವರೂ ಅದನ್ನು ಮೊದಲು ಓದಿಕೊಳ್ಳಿ, ಮುಂದಿನ ಉತ್ತರಗಳಲ್ಲಿ ಅದೇ ಮಾತನ್ನು ಮತ್ತೆ ಹೇಳಿಲ್ಲ.

ಪ್ರಶ್ನೆ: ನಾವು ಡಿಗ್ರಿ ಎರಡನೇ ವರ್ಷದ ಐದು ಜನ. ನಮ್ಮ ಪಂಚಾಯತಿನ ಸುರಂಗಗಳ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ತೋಡಿದ ಬಾವಿಗಳು) ಸರ್ವೆ ಮಾಡಿ ಆರು ವಾರದಲ್ಲಿ ವರದಿ ಕೊಡಬೇಕು. ಲೀಡರ್ ನಾನು. ಕಳೆದ ಸೆಮಿಸ್ಟರಿನಲ್ಲಿ ಬೇರೆಯವರು ಬರೆದದ್ದನ್ನು ಕೊನೆಯ ರಾತ್ರಿ ನಾನೇ ಕೂತು ಪೂರ್ತಿ ತಿದ್ದಿದೆ. ಈ ಸಲವೂ ಯಾರಿಗೂ ಕೆಲಸ ಕೊಡಲು ಮನಸ್ಸು ಬರುವುದಿಲ್ಲ. ಕೊಟ್ಟರೆ ಹಾಳಾಗುತ್ತದೆ ಅನ್ನುವ ಹೆದರಿಕೆ, ಕೊಡದಿದ್ದರೆ ನನಗೊಬ್ಬಳಿಗೆ ಪುರುಸೊತ್ತಿಲ್ಲ. ಏನು ಮಾಡಲಿ?
ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಮೊದಲು ನಂಬಿಕೆ ಬರಲಿ, ಆಮೇಲೆ ಕೆಲಸ ಕೊಡೋಣ ಎಂದು ಕಾದರೆ ಆರು ವಾರ ಕಳೆದರೂ ಅದು ಬರುವುದಿಲ್ಲ. ಒಬ್ಬರ ಕೈಗೆ ಚಿಕ್ಕ ಕೆಲಸ ಕೊಟ್ಟು, ಅದು ಹೇಳಿದ ಹೊತ್ತಿಗೆ ಮುಗಿದು ಬಂದದ್ದನ್ನು ಕಂಡಾಗ ನಂಬಿಕೆ ಹುಟ್ಟುತ್ತದೆ. ಹಾಗಾಗಿ ಮೊದಲು ಕೊಡುವ ಕೆಲಸ ಎಷ್ಟು ದೊಡ್ಡದು, ಅದು ಕೆಟ್ಟುಹೋದರೆ ಎಷ್ಟು ನಷ್ಟ ಎಂದು ಲೆಕ್ಕ ಹಾಕಿ. ಎರಡು ಗಂಟೆಯೊಳಗೆ ಮುಗಿಯುವಂಥದ್ದು, ಕೆಟ್ಟರೂ ಪ್ರಾಜೆಕ್ಟಿಗೆ ಪೆಟ್ಟಾಗದಂಥದ್ದು ಆದರೆ ಧೈರ್ಯವಾಗಿ ಕೊಡಿ.

ನಿಮ್ಮ ವಿಷಯ ಇದಕ್ಕೆ ಬಹಳ ಅನುಕೂಲವಾದದ್ದು. ಮೊದಲ ವಾರ ಯಾರನ್ನೂ ಒಬ್ಬೊಬ್ಬರಾಗಿ ಕಳಿಸಬೇಡಿ. ಐದೂ ಜನ ಒಂದೇ ಸುರಂಗದ ಬಾಯಿಗೆ ಹೋಗಿ. ನೀರು ಪೈಪಿನಿಂದಲೋ ಅಡಿಕೆ ದಂಬೆಯಿಂದಲೋ (ಅಡಿಕೆ ಮರ ಸೀಳಿ ಮಾಡಿದ ನೀರಿನ ದೋಣಿ) ಬೀಳುವ ಕಡೆ ಬಕೆಟ್ ಹಿಡಿದು, ಅದು ತುಂಬಲು ಎಷ್ಟು ಸೆಕೆಂಡು ಬೇಕು ಎಂದು ಫೋನಿನ ಸ್ಟಾಪ್‌ವಾಚಿನಲ್ಲಿ ನೋಡಿ. ಬಕೆಟ್ಟಿನ ಮೇಲೆ ಬರೆದಿರುವ ಅಳತೆಯನ್ನು ನೆಚ್ಚಬೇಡಿ. ಒಂದು ಲೀಟರಿನ ಬಾಟಲಿಯಲ್ಲಿ ಹತ್ತು ಸಲ ನೀರು ಹೊಯ್ದು, 10 ಲೀಟರಿಗೆ ಸರಿಯಾಗಿ ಪೇಂಟಿನ ಗೆರೆ ಹಾಕಿಕೊಳ್ಳಿ. ಒಬ್ಬೊಬ್ಬರೂ ಮೂರು ಸಲ ಅಳೆದು, ತಮ್ಮ ಲೆಕ್ಕವನ್ನು ಇನ್ನೊಬ್ಬರಿಗೆ ತೋರಿಸದೆ ಬರೆದುಕೊಳ್ಳಲಿ. 10 ಲೀಟರಿಗೆ 80 ಸೆಕೆಂಡು ಹಿಡಿದರೆ ನಿಮಿಷಕ್ಕೆ 7.5 ಲೀಟರ್, ದಿನಕ್ಕೆ 10,800 ಲೀಟರ್. ಒಬ್ಬರಿಗೆ 80, ಇನ್ನೊಬ್ಬರಿಗೆ 95 ಬಂದರೆ ಯಾಕೆಂದು ಅಲ್ಲೇ ನಿಂತು ನೋಡಿ. ಒಬ್ಬರು ಬಕೆಟ್ ಓರೆಯಾಗಿ ಹಿಡಿದಿರುತ್ತಾರೆ, ಒಬ್ಬರು ಗೆರೆ ದಾಟಿದ ಮೇಲೆ ಗುಂಡಿ ಒತ್ತಿರುತ್ತಾರೆ, ಇನ್ನೊಬ್ಬರು ದಂಬೆಯ ಸಂದಿನಿಂದ ಸೋರಿ ಹೋಗುವ ನೀರನ್ನು ಗಮನಿಸಿರುವುದಿಲ್ಲ. ಆ ಅರ್ಧ ಗಂಟೆಯಲ್ಲಿ ಯಾರಿಗೆ ಏನು ಹೇಳಿಕೊಡಬೇಕು ಎಂಬುದು ನಿಮಗೆ ಗೊತ್ತಾಗುತ್ತದೆ, ಅವರಿಗೂ ಗೊತ್ತಾಗುತ್ತದೆ. ಸುರಂಗದ ಒಳಗೆ ಮಾತ್ರ ಯಾರೂ ಹೋಗಬಾರದು. ಹಳೆಯ ಸುರಂಗದಲ್ಲಿ ಮಣ್ಣು ಕುಸಿಯಬಹುದು, ಗಾಳಿ ಕಡಿಮೆ ಇರಬಹುದು. ಉದ್ದ ಎಷ್ಟು, ಯಾವಾಗ ತೋಡಿದ್ದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ‘ಮನೆಯವರು ಹೇಳಿದ್ದು’ ಎಂದೇ ಬರೆದುಕೊಳ್ಳಿ.

ಎರಡನೇ ವಾರದಿಂದ ಹಂಚಿ. ಮೊದಲ ಕಂತು ಒಬ್ಬರಿಗೆ ಎರಡೇ ಮನೆ. ‘ಭಾನುವಾರದೊಳಗೆ ಸರ್ವೆ ಮುಗಿಸು’ ಎಂದು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ, ಅವರಿಗೆ ಮುಗಿಯಿತು ಎನಿಸಿದ್ದು ನಿಮಗೆ ಅರ್ಧ ಎನಿಸುತ್ತದೆ. ಹೀಗೆ ಬರೆದು ಕಳಿಸಿ: ‘ನೀನು ಹೊಳೆ ಬದಿಯ ಎರಡು ಮನೆ. ಪ್ರತಿ ಸುರಂಗಕ್ಕೆ ಮೂರು ಅಳತೆ, ಒಂದು ಫೋಟೊ, ಫೋನಿನ ಲೊಕೇಶನ್. ಭಾನುವಾರ ಸಂಜೆ 6ಕ್ಕೆ ಶೀಟಿನಲ್ಲಿ ತುಂಬಿರಬೇಕು. ಮನೆಯವರು ಸಿಗದಿದ್ದರೆ ಶನಿವಾರವೇ ನನಗೆ ಫೋನ್ ಮಾಡು.’ ಏನು, ಯಾವ ರೂಪದಲ್ಲಿ, ಯಾವಾಗ, ಸಿಕ್ಕಿಹಾಕಿಕೊಂಡರೆ ಯಾರಿಗೆ ಹೇಳಬೇಕು ಎಂಬ ನಾಲ್ಕೂ ಅದರಲ್ಲಿವೆ. ನಾಲ್ಕನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ. ಕೆಲಸ ನಿಂತುಹೋದವರು ಹೇಳಲು ಸಂಕೋಚಪಟ್ಟು ಸುಮ್ಮನಿರುವುದು, ಕೇಳಲು ಸಂಕೋಚಪಟ್ಟು ನೀವು ಸುಮ್ಮನಿರುವುದು, ಕಡೆಗೆ ಕೊನೆಯ ರಾತ್ರಿ ನೀವೊಬ್ಬರೇ ಕೂರುವುದು, ಎಲ್ಲವೂ ಅಲ್ಲಿಂದಲೇ ಶುರು.

ಎರಡು ಮನೆ ಸರಿಯಾಗಿ ಬಂದರೆ ಮುಂದಿನ ವಾರ ಐದು ಕೊಡಿ. ಐದೂ ಸರಿಯಾದರೆ ಆ ಭಾಗದ ಪಟ್ಟಿ ಮಾಡುವುದು, ಯಾವ ಮನೆ ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನವನ್ನೂ ಅವರಿಗೇ ಬಿಡಿ. ತೀರ್ಮಾನ ಬಿಟ್ಟುಕೊಡದೆ ಬರೀ ಓಡಾಟ ಹಂಚಿದರೆ ಜೊತೆಯವರು ನಿಮ್ಮ ಕೆಲಸ ಮಾಡಿಕೊಡುವವರಾಗಿ ಉಳಿಯುತ್ತಾರೆ. ಅದು ತಮ್ಮದು ಎಂದು ಅವರಿಗೆ ಅನ್ನಿಸುವುದಿಲ್ಲ.

ಪರೀಕ್ಷಿಸಿ ನೋಡುವುದು ಅವಮಾನ ಎಂದು ಅನೇಕರು ತಿಳಿದಿದ್ದಾರೆ. ಎಲ್ಲರಿಗೂ ಒಂದೇ ನಿಯಮವಾದರೆ ಅವಮಾನವಿಲ್ಲ. ಹತ್ತು ಸುರಂಗ ಅಳೆದರೆ ಅದರಲ್ಲಿ ಎರಡನ್ನು ಇನ್ನೊಬ್ಬರು ಅದೇ ವಾರದಲ್ಲಿ ಮತ್ತೆ ಅಳೆಯಬೇಕು ಎಂದು ಮೊದಲ ದಿನವೇ ಒಪ್ಪಿಕೊಳ್ಳಿ, ನಿಮ್ಮ ಅಳತೆಯನ್ನೂ ಸೇರಿಸಿ. ಅದೇ ವಾರ ಎಂದದ್ದಕ್ಕೆ ಕಾರಣವಿದೆ. ಮಳೆ ನಿಂತ ಮೇಲೆ ಸುರಂಗದ ನೀರು ಇಳಿಯುತ್ತಾ ಹೋಗುತ್ತದೆ. ತಿಂಗಳು ಬಿಟ್ಟು ಅಳೆದು ‘ನೀನು ತಪ್ಪು ಬರೆದಿದ್ದೀ’ ಎಂದರೆ ಸುಳ್ಳೇ ಜಗಳ. ಎರಡು ಅಳತೆಯ ನಡುವೆ ನೂರಕ್ಕೆ ಹತ್ತರೊಳಗೆ ವ್ಯತ್ಯಾಸವಿದ್ದರೆ ಬಿಟ್ಟುಬಿಡಿ. ಮೂರೂ ಸಲ 60, 60, 60 ಎಂದೋ, ಎಲ್ಲ ಸಂಖ್ಯೆಯೂ 0 ಅಥವಾ 5ರಲ್ಲಿ ಮುಗಿಯುವಂತೆಯೋ ಇದ್ದರೆ ಕೂತಲ್ಲೇ ಬರೆದಿರುವ ಸಾಧ್ಯತೆ ಇದೆ. ಆಗಲೂ ‘ಸುಳ್ಳು ಬರೆದೆಯಾ’ ಎಂದು ಕೇಳಬೇಡಿ. ‘ಇದು ಹೇಗೆ ಅಳೆದದ್ದು, ನಾಳೆ ನನಗೂ ತೋರಿಸು ಮಾರಾಯ್ತಿ’ ಎನ್ನಿ. ಅಳೆದವರು ಬರುತ್ತಾರೆ. ಅಳೆಯದವರೂ ಬಹುತೇಕ ಅಷ್ಟರೊಳಗೆ ಹೋಗಿ ಅಳೆದಿರುತ್ತಾರೆ, ನಿಮಗೆ ಬೇಕಾದದ್ದೂ ಅದೇ.

ಇನ್ನು ರಾತ್ರಿ ಕೂತು ತಿದ್ದುವ ವಿಷಯ. ದಯವಿಟ್ಟು ನಿಲ್ಲಿಸಿ. ನಾನು ಬರೆದದ್ದು ಹೇಗಿದ್ದರೂ ಅವಳು ಅಳಿಸಿ ಬರೆಯುತ್ತಾಳೆ ಎಂದು ಗೊತ್ತಾದವರು ಮುಂದಿನ ಸಲ ಚೆನ್ನಾಗಿ ಬರೆಯಲು ಕಾರಣವೇ ಇರುವುದಿಲ್ಲ. ಗುಂಪಿನ ಅರ್ಧದಷ್ಟು ಸೋಮಾರಿತನ ಹೀಗೆ ಲೀಡರ್ ಕೈಯಿಂದಲೇ ತಯಾರಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಗೂಗಲ್ ಡಾಕ್ಸ್‌ನಲ್ಲಿ ನೇರವಾಗಿ ತಿದ್ದದೆ, ಪಕ್ಕದಲ್ಲಿ ಕಾಮೆಂಟ್ ಹಾಕಿ. ಒಂದು ಪುಟಕ್ಕೆ ಮೂರು ಸಾಕು, ಹದಿನೈದು ಹಾಕಿದರೆ ಅವರು ಪುಟವನ್ನೇ ತೆರೆಯುವುದಿಲ್ಲ. ‘ಸರಿಯಿಲ್ಲ’ ಎಂದು ಬರೆಯಬೇಡಿ, ‘ಇಲ್ಲಿ ಲೀಟರ್ ಲೆಕ್ಕ ಬಿಟ್ಟುಹೋಗಿದೆ, ಶೀಟಿನ ನಾಲ್ಕನೇ ಸಾಲಿನಿಂದ ಹಾಕು’ ಎಂದು ಬರೆಯಿರಿ. ತಿದ್ದುವುದು ಬರೆದವರ ಕೆಲಸ. ಅದಕ್ಕೆ ಸಮಯ ಬೇಕಾದ್ದರಿಂದ ಬರವಣಿಗೆ ಐದನೇ ವಾರದ ಮಧ್ಯಕ್ಕೆ ಕೈಸೇರಬೇಕು, ಆರನೆಯ ವಾರದಲ್ಲಿ ಹೊಸ ಕೆಲಸ ಯಾವುದೂ ಇರಬಾರದು.

ಜನ ಹೆಚ್ಚಾದಂತೆ ಒಬ್ಬೊಬ್ಬರ ದುಡಿತ ಕಡಿಮೆಯಾಗುವುದು ನಿಮ್ಮ ಗುಂಪಿನ ದೋಷವೇನಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಪಾಲಿನ ಬಲ ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಎಳೆಯುವವರ ತಾಳ ಕೂಡದೆ ಹೀಗಾಯಿತು ಎನ್ನಬಹುದಲ್ಲ? 1974ರಲ್ಲಿ ಅಮೆರಿಕದ ಸಂಶೋಧಕರು ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದೆ ಎಳೆಯುವಂತೆ ನಟಿಸುವವರನ್ನು ನಿಲ್ಲಿಸಿ ಇದನ್ನು ಪರೀಕ್ಷಿಸಿದರು. ಬೇರೆ ಯಾರೂ ಎಳೆಯುತ್ತಿರಲಿಲ್ಲ, ಆದರೂ ಜೊತೆಗೆ ಜನರಿದ್ದಾರೆ ಎಂದುಕೊಂಡವರು ಕಡಿಮೆ ಎಳೆದರು. ಯಾರು ಎಷ್ಟು ಮಾಡಿದರು ಎಂಬುದು ಕಾಣುವಂತಿದ್ದರೆ ಈ ಇಳಿತ ಕಡಿಮೆಯಾಗುತ್ತದೆ ಎಂಬುದು ಆಮೇಲಿನ ಅನೇಕ ಪ್ರಯೋಗಗಳಲ್ಲಿ ಕಂಡದ್ದು. ಆದ್ದರಿಂದ ಶೀಟಿನ ಪ್ರತಿ ಸಾಲಿನ ಪಕ್ಕದಲ್ಲಿ ಅಳೆದವರ ಹೆಸರಿರಲಿ. ವಾಟ್ಸಾಪ್ ಗುಂಪಿನಲ್ಲಿ ‘ಯಾರಾದರೂ ನೋಡಿ’ ಎಂದು ಹಾಕಿದ ಮೆಸೇಜಿಗೆ ಉತ್ತರ ಬಾರದಿರುವುದಕ್ಕೂ ಕಾರಣ ಇದೇ. ಒಬ್ಬರ ಹೆಸರು ಹಿಡಿದು ಕೇಳಿ.

ಮತ್ತೊಂದು ಮಾತು, ಇದು ನಿಮಗೇ. ಎಲ್ಲವನ್ನೂ ನಾನೇ ಮಾಡಿದೆ ಎಂಬ ಭಾವನೆ ಪೂರ್ತಿ ನಿಜವಾಗಿರುವುದು ಅಪರೂಪ. 1979ರಲ್ಲಿ ರಾಸ್ ಮತ್ತು ಸಿಕೋಲಿ ಎಂಬ ಇಬ್ಬರು ಸಂಶೋಧಕರು ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೂರಿಸಿ, ಮನೆಗೆಲಸದಲ್ಲಿ ನಿಮ್ಮ ಪಾಲೆಷ್ಟು ಎಂದು ಕೇಳಿದರು. ಇಬ್ಬರ ಉತ್ತರ ಕೂಡಿಸಿದರೆ ಹೆಚ್ಚಿನ ಕೆಲಸಗಳಲ್ಲಿ ಒಟ್ಟು ನೂರನ್ನು ಮೀರುತ್ತಿತ್ತು. ಸುಳ್ಳು ಹೇಳಿದ್ದಲ್ಲ. ತಾನು ಪಟ್ಟ ಪಾಡು ನೆನಪಿರುತ್ತದೆ, ಜೊತೆಯವರದು ಕಣ್ಣಿಗೆ ಬಿದ್ದಿರುವುದಿಲ್ಲ. ನಿಮ್ಮ ಐದು ಜನರೂ ಕಳೆದ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ತಮ್ಮ ಪಾಲು ನೂರಕ್ಕೆ ಎಷ್ಟು ಎಂದು ಚೀಟಿಯಲ್ಲಿ ಬರೆದು ಕೂಡಿಸಿ ನೋಡಿ. ಹೊಸ ಕೆಲಸ ಹಂಚುವ ಮೊದಲು ಈ ಐದು ನಿಮಿಷ ಕಳೆಯುವುದು ಒಳ್ಳೆಯದು.

ಪ್ರಶ್ನೆ: ಪಾಲಿಟೆಕ್ನಿಕ್ ಕೊನೆಯ ವರ್ಷ. ಗುಲಾಬಿ ಪಾಲಿಹೌಸಿಗೆ ತಾನಾಗಿ ನೀರು ಬಿಡುವ ಸಾಧನ ನಮ್ಮ ಪ್ರಾಜೆಕ್ಟು, ಇಎಸ್‌ಪಿ32 ಎಂಬ, ವೈ-ಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ. ಮಣ್ಣಿನ ತೇವದ ಸೆನ್ಸರ್ ಭಾಗ ಗೆಳೆಯನದು, ವೈ-ಫೈ ಮತ್ತು ಫೋನಿನಲ್ಲಿ ತೋರಿಸುವ ಭಾಗ ನನ್ನದು. ಅವನ ಮನೆಯಲ್ಲಿ ಅವನದು ಓಡುತ್ತದೆ, ನನ್ನ ಮನೆಯಲ್ಲಿ ನನ್ನದು ಓಡುತ್ತದೆ. ಒಟ್ಟಿಗೆ ಸೇರಿಸಿದರೆ ಸೆನ್ಸರಿನ ಓದು ಬರುವುದೇ ಇಲ್ಲ. ಅವನು ನನ್ನ ಕೋಡ್ ಸರಿಯಿಲ್ಲ ಅನ್ನುತ್ತಾನೆ. ಅವನು ಸರಿಯಾಗಿ ಟೆಸ್ಟ್ ಮಾಡಿಯೇ ಇಲ್ಲ ಅಂತ ನನಗೆ ಅನುಮಾನ. ಮಾತು ನಿಂತುಹೋಗಿದೆ.
ವಿದ್ಯಾರ್ಥಿ, ಹೊಸೂರು

ಉತ್ತರ: ಮೊದಲು ಆ ಸೆನ್ಸರಿನ ತಂತಿ ಯಾವ ಪಿನ್ನಿಗೆ ಹೋಗಿದೆ ನೋಡಿ. 0, 2, 4, 12ರಿಂದ 15, 25ರಿಂದ 27, ಇವುಗಳಲ್ಲಿ ಒಂದಾಗಿದ್ದರೆ ನಿಮ್ಮಿಬ್ಬರದೂ ತಪ್ಪಿಲ್ಲ. ಇಎಸ್‌ಪಿ32ರಲ್ಲಿ ಅನಲಾಗ್ (ಸೆನ್ಸರಿನ ಏರಿಳಿಯುವ ವೋಲ್ಟೇಜು) ಓದುವ ಘಟಕಗಳು ಎರಡಿವೆ. ಎರಡನೆಯ ಘಟಕವನ್ನು ವೈ-ಫೈ ಕೂಡ ಬಳಸಿಕೊಳ್ಳುತ್ತದೆ, ಹಾಗಾಗಿ ವೈ-ಫೈ ಚಾಲೂ ಇರುವಾಗ ಈ ಪಿನ್ನುಗಳಿಂದ ಅನಲಾಗ್ ಓದು ಸಿಗುವುದಿಲ್ಲ. ಗೆಳೆಯನ ಮನೆಯಲ್ಲಿ ವೈ-ಫೈ ಕೋಡ್ ಇರಲಿಲ್ಲ, ಆದ್ದರಿಂದ ಓಡಿತು. ನಿಮ್ಮಲ್ಲಿ ಸೆನ್ಸರ್ ಇರಲಿಲ್ಲ, ಆದ್ದರಿಂದ ಓಡಿತು. ತಂತಿಯನ್ನು 32ರಿಂದ 39ರೊಳಗಿನ ಪಿನ್ನಿಗೆ, ಉದಾಹರಣೆಗೆ 34ಕ್ಕೆ ಬದಲಾಯಿಸಿ, ಕೋಡಿನಲ್ಲೂ ಆ ಸಂಖ್ಯೆ ತಿದ್ದಿ ನೋಡಿ.

ಅದು ಸರಿಯಾದ ಮೇಲೆ ಇನ್ನೂ ಎರಡು ಕಡೆ ಸಿಕ್ಕಿಕೊಳ್ಳುವ ಸಂಭವವಿದೆ, ಈಗಲೇ ಹೇಳಿಬಿಡುತ್ತೇವೆ. ಕೆಪ್ಯಾಸಿಟಿವ್ ಬಗೆಯ ತೇವದ ಸೆನ್ಸರಿನಲ್ಲಿ ಮಣ್ಣು ಒಣಗಿದ್ದಾಗ ಸಂಖ್ಯೆ ಹೆಚ್ಚು, ಒದ್ದೆಯಿದ್ದಾಗ ಕಡಿಮೆ. ಗೆಳೆಯ 0ರಿಂದ 4095ರೊಳಗೆ ಬೋರ್ಡು ಓದಿದ ಸಂಖ್ಯೆಯನ್ನು ಹಾಗೇ ಕಳಿಸಿ, ನೀವು ಅದನ್ನು ತೇವದ ಪ್ರಮಾಣ ಎಂದುಕೊಂಡರೆ ಗಿಡ ಒದ್ದೆಯಿದ್ದಾಗ ಪಂಪು ಓಡುತ್ತದೆ, ಒಣಗಿದಾಗ ನಿಲ್ಲುತ್ತದೆ. ಸೆನ್ಸರನ್ನು ಒಮ್ಮೆ ಗಾಳಿಯಲ್ಲಿ, ಒಮ್ಮೆ ಅದರ ಗೆರೆಯವರೆಗೆ ಲೋಟದ ನೀರಿನಲ್ಲಿ ಹಿಡಿದು ಎರಡೂ ಸಂಖ್ಯೆ ಬರೆದಿಟ್ಟು, ಶೇಕಡಾಕ್ಕೆ ತಿರುಗಿಸುವ ಕೆಲಸ ಯಾರದೆಂದು ತೀರ್ಮಾನಿಸಿ. ಎರಡನೆಯದು ರಿಲೇ, ಅಂದರೆ ಬೋರ್ಡಿನ ಮಾತು ಕೇಳಿ ಪಂಪನ್ನು ಚಾಲೂ, ಬಂದ್ ಮಾಡುವ ಸ್ವಿಚ್ಚು. ಮಾರುಕಟ್ಟೆಯಲ್ಲಿ ಸಿಗುವ ಅನೇಕ ರಿಲೇ ಬೋರ್ಡುಗಳು ಪಿನ್ ‘ಲೋ’ ಆದಾಗ, ಅಂದರೆ ಅದರ ವೋಲ್ಟೇಜು ಇಳಿದಾಗ ಚಾಲೂ ಆಗುತ್ತವೆ. ಅದು ಗೊತ್ತಿಲ್ಲದೆ ಕೋಡ್ ಬರೆದರೆ ಕರೆಂಟು ಕೊಟ್ಟ ಕೂಡಲೇ ಪಂಪು ಓಡಿಬಿಡುತ್ತದೆ. ಪಂಪಿಗೆ ಬೇರೆ ಸಪ್ಲೈ ಇರಲಿ. ಬೋರ್ಡಿನಿಂದಲೇ ಎಳೆದರೆ ಪಂಪು ಶುರುವಾದಾಗಲೆಲ್ಲ ಬೋರ್ಡು ರೀಸೆಟ್ ಆಗಿ ಮತ್ತೆ ನಿಮ್ಮಿಬ್ಬರ ನಡುವೆ ಅನುಮಾನ ಏಳುತ್ತದೆ.

ಮೂರು ತೊಡಕೂ ಇರುವುದು ಎರಡು ಭಾಗ ಕೂಡುವ ಹೊಲಿಗೆಯಲ್ಲಿ. ಆ ಜಾಗಕ್ಕೆ ನಿಮ್ಮ ಹಂಚಿಕೆಯಲ್ಲಿ ಒಡೆಯರೇ ಇಲ್ಲ. ಒಂದು ಹಾಳೆಯಲ್ಲಿ ಪಿನ್ ಸಂಖ್ಯೆ, ವೋಲ್ಟೇಜು, ಕಳಿಸುವ ಸಂಖ್ಯೆಯ ಮಿತಿ, ಎಷ್ಟು ಸೆಕೆಂಡಿಗೊಮ್ಮೆ, ಯಾರು ಯಾರಿಗೆ ಎಂದು ಬರೆದು ಇಬ್ಬರೂ ಇಟ್ಟುಕೊಳ್ಳಿ. ಬದಲಾಯಿಸುವವರು ಮೊದಲು ಇನ್ನೊಬ್ಬರಿಗೆ ಹೇಳಬೇಕು. ಮುಂದೆ ಯಾವ ಪ್ರಾಜೆಕ್ಟೇ ಆಗಲಿ, ಕೂಡಿಸುವ ಕೆಲಸ ಮೊದಲ ವಾರದಲ್ಲೇ ಆಗಲಿ. ಸೆನ್ಸರ್ ಕೈಗೆ ಬರುವ ಮುಂಚೆಯೇ ಗೆಳೆಯ 2000 ಎಂಬ ಒಂದೇ ಸಂಖ್ಯೆ ಕಳಿಸಲಿ, ಅದು ನಿಮ್ಮ ಫೋನಿನಲ್ಲಿ ಮೂಡಲಿ. ಅಷ್ಟಾದರೆ ಆಮೇಲೆ ಬರುವ ತೊಡಕು ಯಾವ ಬದಲಾವಣೆಯಿಂದ ಬಂತು ಎಂದು ಹುಡುಕುವುದು ಸುಲಭ. ತೊಡಕು ಬಂದಾಗ ಇಬ್ಬರೂ ಒಂದೇ ಮೇಜಿನಲ್ಲಿ ಕೂತು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ: ಮೊದಲು ಅವನ ಕೋಡ್ ನಿಮ್ಮ ಬೋರ್ಡಿನಲ್ಲಿ, ಆಮೇಲೆ ನಿಮ್ಮ ಕೋಡ್ ಅವನ ಬೋರ್ಡಿನಲ್ಲಿ.

ಮಾತು ಶುರು ಮಾಡುವುದು ಹೇಗೆ ಎಂಬ ಚಿಂತೆ ನಿಮಗಿದ್ದರೆ, ಪಿನ್ನಿನ ವಿಷಯ ಹೇಳಿಯೇ ಶುರು ಮಾಡಿ. ‘ಪಿನ್ ಯಾವುದು ಅಂತ ನಾನು ಕೇಳಬೇಕಿತ್ತು, ಕೇಳದೇ ನಿನ್ನ ಮೇಲೆ ಹಾಕಿದೆ’ ಎಂಬ ಒಂದು ಮಾತು ಸಾಕು.

ಪ್ರಶ್ನೆ: ನಾನು ಕನ್ನಡ ಮೀಡಿಯಂನಲ್ಲಿ ಓದಿ ಬಂದವಳು. ನಮ್ಮ ಗುಂಪಿನ ಉಳಿದ ನಾಲ್ವರೂ ಮಲಯಾಳಂ ಮೀಡಿಯಂ. ಅಡಿಕೆ ಹಾಳೆ ತಟ್ಟೆ ಮಾಡುವ ಘಟಕಗಳ ಬಗ್ಗೆ ಪ್ರಾಜೆಕ್ಟು. ನನಗೆ ಮಲಯಾಳ ಮಾತಾಡಲು ಬರುತ್ತದೆ, ಬರೆಯಲು ಕಷ್ಟ. ಅದಕ್ಕೆ ನನಗೆ ಮುಖಪುಟ ಟೈಪ್ ಮಾಡುವುದು, ಸ್ಪೈರಲ್ ಬೈಂಡಿಂಗ್ ಮಾಡಿಸಿ ತರುವುದು ಮಾತ್ರ ಕೊಡುತ್ತಾರೆ. ಅವರು ನನ್ನನ್ನು ನಂಬುವಂತೆ ಮಾಡುವುದು ಹೇಗೆ?
ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ‘ನನಗೂ ಕೆಲಸ ಕೊಡಿ’ ಎಂದು ಕೇಳಿದರೆ ಮತ್ತೆ ಬೈಂಡಿಂಗೇ ಸಿಗುತ್ತದೆ. ಬೇಕಾದ ಕೆಲಸದ ಹೆಸರು ಹಿಡಿದು ಕೇಳಿ, ಜೊತೆಗೆ ಅದರ ಒಂದು ತುಂಡನ್ನು ಮಾಡಿ ತೋರಿಸಿ. ಮಂಜೇಶ್ವರದ ಒಳಭಾಗದಲ್ಲಿ ಹಾಳೆ ತಟ್ಟೆ ಮಾಡುವ ಎಷ್ಟೋ ಮನೆಗಳಲ್ಲಿ ತುಳು, ಕನ್ನಡ ಆಡುವವರಿದ್ದಾರೆ. ಅವರು ನಿಮ್ಮೊಡನೆ ಬಿಚ್ಚಿ ಮಾತಾಡುವಷ್ಟು ನಿಮ್ಮ ಜೊತೆಯವರೊಡನೆ ಆಡಲಾರರು. ಒಂದು ಘಟಕಕ್ಕೆ ಹೋಗಿ, ಒಪ್ಪಿಗೆ ಪಡೆದು, ಇಪ್ಪತ್ತು ನಿಮಿಷದ ಮಾತು ರೆಕಾರ್ಡ್ ಮಾಡಿಕೊಳ್ಳಿ: ಹಾಳೆ ಎಲ್ಲಿಂದ ಬರುತ್ತದೆ, ಒಂದಕ್ಕೆ ಎಷ್ಟು ಕೊಡುತ್ತಾರೆ, ಎಷ್ಟು ಹೊತ್ತು ನೆನೆಸುತ್ತಾರೆ, ಒಂದು ಹಾಳೆಯಲ್ಲಿ ಎಷ್ಟು ತಟ್ಟೆ, ಮಳೆಗಾಲಕ್ಕೆ ಹಾಳೆಯನ್ನು ಹೇಗೆ ಕೂಡಿಡುತ್ತಾರೆ, ಬೂಸ್ಟು ಹಿಡಿದರೆ ಏನು ಮಾಡುತ್ತಾರೆ. ಅದನ್ನು ಒಂದು ಪುಟಕ್ಕೆ ಇಳಿಸಿ, ಸಂಖ್ಯೆಗಳನ್ನು ಬೇರೆ ಕೋಷ್ಟಕದಲ್ಲಿ ಹಾಕಿ ಗುಂಪಿಗೆ ಕಳಿಸಿ. ‘ಕನ್ನಡ, ತುಳು ಮನೆಗಳ ಸಂದರ್ಶನ ಪೂರ್ತಿ ನಾನು ಮಾಡುತ್ತೇನೆ, ಮಲಯಾಳದಲ್ಲಿ ಬರೆದದ್ದನ್ನು ನಿಮ್ಮಲ್ಲಿ ಒಬ್ಬರು ತಿದ್ದಿಕೊಡಿ’ ಎನ್ನಿ. ತಿದ್ದಿಸಿಕೊಳ್ಳುವುದರಲ್ಲಿ ಕೀಳರಿಮೆ ಬೇಡ. ಅವರ ಪ್ರಶ್ನಾವಳಿಯ ಕನ್ನಡ ರೂಪವನ್ನು ನೀವು ತಿದ್ದುತ್ತೀರಲ್ಲ!

ಆ ಪ್ರಶ್ನಾವಳಿಯ ಬಗ್ಗೆ ಸ್ವಲ್ಪ ಹೇಳಬೇಕು. ಎರಡು ಭಾಷೆಯಲ್ಲಿ ಕೇಳಿದ ಪ್ರಶ್ನೆ ಒಂದೇ ಆಗಿರಬೇಕಲ್ಲವೇ? ಮಲಯಾಳದಿಂದ ಕನ್ನಡಕ್ಕೆ ನೀವು ಮಾಡಿದ್ದನ್ನು, ಮೂಲ ನೋಡಿರದ ಕನ್ನಡ ಬಲ್ಲವರೊಬ್ಬರು ತಿರುಗಿ ಮಲಯಾಳಕ್ಕೆ ಮಾಡಲಿ. ಎರಡು ಮಲಯಾಳ ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಎಲ್ಲಿ ಅರ್ಥ ಜಾರಿದೆ ಎಂದು ನಿಮ್ಮ ನಾಲ್ವರು ತಾವೇ ಓದಿ ತಿಳಿಯಬಹುದು. ನಿಮ್ಮ ಕನ್ನಡವನ್ನು ಓದಲಾಗದವರಿಗೆ ನಿಮ್ಮ ಕೆಲಸ ಸರಿಯಿದೆ ಎಂದು ಖಾತ್ರಿಯಾಗುವ ದಾರಿ ಇದೇ. ಅಳತೆಯನ್ನೂ ಒಂದು ಮಾಡಿಕೊಳ್ಳಿ. ತೋಟದ ವಿಸ್ತೀರ್ಣವನ್ನು ಇಲ್ಲಿ ಸೆಂಟ್ಸಿನಲ್ಲಿ ಹೇಳುತ್ತಾರೆ, ಗಡಿಯಾಚೆಯಿಂದ ಬಂದವರು ಗುಂಟೆಯಲ್ಲಿ ಹೇಳಬಹುದು. ಎಕರೆಗೆ 100 ಸೆಂಟ್ಸ್, 40 ಗುಂಟೆ. ಅಂದರೆ ಒಂದು ಗುಂಟೆ ಎರಡೂವರೆ ಸೆಂಟ್ಸ್. ಕಲಸಿಹೋದರೆ ಕೋಷ್ಟಕವೇ ಕೆಡುತ್ತದೆ, ದೂರು ಬರುವುದು ಸಂದರ್ಶನ ಮಾಡಿದವರ ಮೇಲೆ.

ಕನ್ನಡದಲ್ಲಿ ಟೈಪ್ ಮಾಡುವಾಗ ಯೂನಿಕೋಡನ್ನೇ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ವ್ಯವಸ್ಥೆ) ಬಳಸಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಮಾಡಿ ಕಳಿಸಿದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ, ಸಲ್ಲಿಸುವ ಹಿಂದಿನ ದಿನ ಹಾಗಾದರೆ ನಿಮ್ಮ ಒಳ್ಳೆಯ ಕೆಲಸವೂ ಮಣ್ಣುಪಾಲು. ಮಲಯಾಳದ ಹಳೆಯ ಫಾಂಟುಗಳಲ್ಲೂ ಇದೇ ಪಾಡು. ಕಳಿಸುವಾಗ ಪಿಡಿಎಫ್ ಒಂದನ್ನು ಜೊತೆಗಿಡಿ.

ನಿಮ್ಮ ಭಾಗವನ್ನು ಗಡುವಿಗಿಂತ ಒಂದು ದಿನ ಮೊದಲು ಕೊಡಿ. ತಡವಾಗುವುದಿದ್ದರೆ ಗಡುವಿನ ದಿನ ಹೇಳದೆ, ಕೆಲಸ ಅರ್ಧ ಆಗಬೇಕಾದ ದಿನವೇ ಹೇಳಿ. ಎರಡು ದಿನ ಮುಂಚೆ ‘ನಾಲ್ಕರಲ್ಲಿ ಮೂರೇ ಆಗುತ್ತದೆ’ ಎಂದವರನ್ನು ಜನ ಮುಂದೆಯೂ ನಂಬುತ್ತಾರೆ. ಗಡುವಿನವರೆಗೆ ‘ಆಗುತ್ತಾ ಇದೆ’ ಎಂದು ಹೇಳಿ ಮೂರೇ ಕೊಟ್ಟವರನ್ನು ನಂಬುವುದಿಲ್ಲ. ಕೊಟ್ಟ ಕೆಲಸ ಎರಡರಲ್ಲೂ ಒಂದೇ. ಪ್ರತಿ ಸಭೆಯ ಕೊನೆಗೆ ತೀರ್ಮಾನಗಳನ್ನು ಮೂರು ಸಾಲಿನಲ್ಲಿ, ಎರಡೂ ಭಾಷೆಯಲ್ಲಿ ಗುಂಪಿಗೆ ಹಾಕುವ ಕೆಲಸವನ್ನು ನೀವೇ ಕೇಳಿ ತೆಗೆದುಕೊಳ್ಳಿ. ವಾಯ್ಸ್ ಮೆಸೇಜ್ ಆದರೂ ಸರಿ. ಹೆಸರು ಮತ್ತು ತಾರೀಕು ಅದರಲ್ಲಿರಲಿ.

ಪ್ರಶ್ನೆ: ನಮ್ಮ ಗುಂಪಿನ ಒಬ್ಬಾವ ತೊಗರಿ ರಾಶಿ ಅಂತ ಊರಿಗೆ ಹೋದಾವ ಹದಿನೈದು ದಿವಸ ಆತು, ಬಂದಿಲ್ಲ. ಮೆಸೇಜ್ ಹಾಕಿದ್ರ ನೋಡ್ತಾನ, ಉತ್ತರ ಕೊಡೂದಿಲ್ಲ. ಉಳಿದವರು ಅವನ ಹೆಸರು ವರದಿಯಿಂದ ತೆಗೀರಿ ಅಂತಾರ. ತೆಗೀಬೇಕೇನ್ರಿ?
ವಿದ್ಯಾರ್ಥಿ, ಅಕ್ಕಲಕೋಟೆ

ಉತ್ತರ: ಈಗಲೇ ತೆಗೆಯಬೇಡಿ, ಗುಟ್ಟಾಗಿಯಂತೂ ತೆಗೆಯಲೇಬೇಡಿ. ಗುಂಪಿನಲ್ಲಿ ಮೆಸೇಜ್ ಹಾಕುವುದು ಬಿಟ್ಟು ಒಬ್ಬರೇ ಫೋನ್ ಮಾಡಿ, ಅದೂ ರಾತ್ರಿ ಊಟದ ಹೊತ್ತಿಗೆ. ರಾಶಿಯ ದಿನಗಳಲ್ಲಿ ಹಗಲು ಯಾರೂ ಫೋನ್ ಎತ್ತುವುದಿಲ್ಲ. ಯಾವಾಗ ಬರುತ್ತಾನೆ, ಅಲ್ಲಿಂದಲೇ ಏನು ಮಾಡಬಲ್ಲ, ಏನು ಮಾಡಲಾರ ಎಂದು ಕೇಳಿ. ಫೋನಿನಲ್ಲೇ ಆಗುವ ಕೆಲಸ ಇರುತ್ತದೆ: ಬರೆದದ್ದನ್ನು ಓದಿ ತಪ್ಪು ಗುರುತಿಸುವುದು, ಚಿತ್ರಗಳಿಗೆ ಅಡಿಬರಹ, ಮೌಖಿಕ ಪರೀಕ್ಷೆಗೆ ಪ್ರಶ್ನೆಗಳ ಪಟ್ಟಿ. ಒಂದು ತಾರೀಕು ಗೊತ್ತು ಮಾಡಿ. ಅದು ತಪ್ಪಿದರೆ ಎರಡನೆಯದನ್ನು ಕೊಟ್ಟು, ಅದೂ ತಪ್ಪಿದರೆ ಅವನ ಭಾಗ ಬೇರೆಯವರಿಗೆ ಹೋಗುತ್ತದೆ ಎಂದು ಅವನಿಗೇ ಹೇಳಿ. ಅದೂ ತಪ್ಪಿತು ಎನ್ನಿ, ವರದಿ ಸಲ್ಲಿಸುವ ಮೊದಲೇ ಗೈಡ್ ಸರ್ ಹತ್ತಿರ ಹೋಗಿ ಇಷ್ಟನ್ನೂ ತಿಳಿಸಿ. ಹೆಸರು ಇರಬೇಕೋ ಬೇಡವೋ ಎಂಬುದನ್ನು ಅವರು ಹೇಳಲಿ. ವರದಿಯ ಕೊನೆಗೆ ಯಾರು ಯಾವ ಅಧ್ಯಾಯ, ಯಾರು ಯಾವ ಕೋಷ್ಟಕ ಎಂದು ಅರ್ಧ ಪುಟ ಬರೆದರೆ ಮಾಡಿದವರಿಗೂ ನ್ಯಾಯ, ಅವನಿಗೂ ನ್ಯಾಯ.

ಪ್ರಶ್ನೆ: ನಾನು ಹೈಸ್ಕೂಲು ಶಿಕ್ಷಕ. 40 ಮಕ್ಕಳನ್ನು ಎಂಟೆಂಟರ ಐದು ಗುಂಪು ಮಾಡುತ್ತೇನೆ. ಪ್ರತಿ ಗುಂಪಿನಲ್ಲೂ ಇಬ್ಬರು ದುಡಿಯುತ್ತಾರೆ, ಉಳಿದವರು ನೋಡುತ್ತಾರೆ. ಏನು ಬದಲಾಯಿಸಲಿ?
ಶಿಕ್ಷಕರು, ತಾಳವಾಡಿ

ಉತ್ತರ: ಗುಂಪು ದೊಡ್ಡದಾಯಿತು ಸರ್. ಎಂಟು ಜನರ ನಡುವೆ ಇಬ್ಬಿಬ್ಬರ ಜೋಡಿ 28 ಆಗುತ್ತವೆ, ನಾಲ್ವರಲ್ಲಿ ಆರೇ. ಆರು ಜೋಡಿಗಳಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರ ಕೆಲಸ ನೋಡಿರುತ್ತಾರೆ. ನಾಲ್ಕರಂತೆ ಹತ್ತು ಗುಂಪು ಮಾಡಿ. ಹತ್ತನ್ನು ನೋಡಿಕೊಳ್ಳುವುದು ನಿಮಗೆ ಕಷ್ಟವೆನಿಸಿದರೆ ವಾರಕ್ಕೆ ಐದೈದರಂತೆ, ಗುಂಪಿಗೆ ಐದು ನಿಮಿಷ ಸಾಕು. ಅಂಕದಲ್ಲಿ ಒಂದು ಪಾಲು ಗುಂಪಿಗೆ, ಒಂದು ಪಾಲು ಒಬ್ಬೊಬ್ಬರ ಮೌಖಿಕ ಪ್ರಶ್ನೆಗೆ ಇಡಿ. ಆ ಪ್ರಶ್ನೆ ಜೊತೆಯವರು ಮಾಡಿದ ಭಾಗದ ಮೇಲಿರಲಿ, ಮತ್ತು ಹಾಗೆಯೇ ಕೇಳುತ್ತೀರೆಂದು ಮೊದಲ ದಿನವೇ ಹೇಳಿ. ಆಗ ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡದೆ ಗತ್ಯಂತರವಿಲ್ಲ. ಲೀಡರ್ ಪಟ್ಟ ಮಾತ್ರ ಹದಿನೈದು ದಿನಕ್ಕೊಮ್ಮೆ ಕೈ ಬದಲಾಗಲಿ.

ಪ್ರಶ್ನೆ: ನಮ್ಮ ಗೆಳತಿ ಅಂತರ್ಜಾಲದಿಂದ ಎರಡು ಅಧ್ಯಾಯ ಹಾಗೇ ಇಳಿಸಿ ತನ್ನದೆಂದು ಕೊಟ್ಟಳು. ಮೇಡಂ ಹಿಡಿದರು, ನಾಲ್ವರಿಗೂ ಬೈದರು. ಮತ್ತೆ ಬರೆಯಲು ಮೂರು ವಾರ ಕೊಟ್ಟಿದ್ದಾರೆ. ಅವಳನ್ನು ಮತ್ತೆ ನಂಬಬಹುದೇ?
ವಿದ್ಯಾರ್ಥಿನಿ, ರಾಯದುರ್ಗ

ಉತ್ತರ: ಯಾಕೆ ಹಾಗೆ ಮಾಡಿದಳು ಎಂಬುದರ ಮೇಲಿದೆ. ಬರೆಯಲು ಬರಲಿಲ್ಲ, ಕೇಳಲು ನಾಚಿಕೆಯಾಯಿತು ಎಂಬುದು ಒಂದು. ಸಮಯ ಸಿಗಲಿಲ್ಲ, ಹೇಳಲಿಲ್ಲ ಎಂಬುದು ಇನ್ನೊಂದು. ಹೇಗೂ ನಡೆದುಹೋಗುತ್ತದೆ ಎಂದುಕೊಂಡಳು ಎಂಬುದು ಮತ್ತೊಂದು. ಮೊದಲನೆಯದಕ್ಕೆ ಕಲಿಸಿಕೊಡಬೇಕು, ಎರಡನೆಯದಕ್ಕೆ ಕೆಲಸ ಕಡಿಮೆ ಮಾಡಬೇಕು, ಮೂರನೆಯದಕ್ಕೆ ನಿಯಮ ಬಿಗಿ ಮಾಡಬೇಕು. ಮೂರಕ್ಕೂ ಒಂದೇ ಬೈಗುಳ ಕೊಟ್ಟರೆ ಏನೂ ಆಗುವುದಿಲ್ಲ. ನಾಲ್ವರೂ ಸುತ್ತ ಕೂತು ವಿಚಾರಣೆ ಮಾಡಬೇಡಿ, ಅವಳಿಗೆ ಹತ್ತಿರದವರೊಬ್ಬರು ಕೇಳಲಿ.

ಕೆಲಸ ಪೂರ್ತಿ ಕಿತ್ತುಕೊಂಡು ಟೈಪಿಂಗಿಗೆ ಹಾಕುವುದು ಸುಲಭ ಅನ್ನಿಸುತ್ತದೆ. ಆದರೆ ನಂಬಿಕೆ ಕೆಟ್ಟದ್ದು ಬರವಣಿಗೆಯಲ್ಲಿ, ಟೈಪಿಂಗ್ ಎಷ್ಟೇ ಚೆನ್ನಾಗಿ ಮಾಡಿದರೂ ಅದು ತಿರುಗಿ ಬರುವುದಿಲ್ಲ. ಬರವಣಿಗೆಯನ್ನೇ ಕೊಡಿ, ಅಳತೆ ಚಿಕ್ಕದಿರಲಿ: ಮೊದಲ ವಾರ ಎರಡು ಪುಟ. ಬರೆಯುವ ಮೊದಲು ಓದಿದ್ದನ್ನು ಕೈಬರಹದಲ್ಲಿ ಟಿಪ್ಪಣಿ ಮಾಡಿ, ಯಾವ ಅಂಶ ಎಲ್ಲಿಂದ ಎಂದು ಅಂಚಿನಲ್ಲಿ ಬರೆಯಲಿ. ಆಮೇಲೆ ಓದಿದ್ದನ್ನೆಲ್ಲ ಮುಚ್ಚಿಟ್ಟು ಟಿಪ್ಪಣಿ ಮಾತ್ರ ನೋಡಿ ಬರೆಯಲಿ. ಎದುರಿಗೆ ತೆರೆದಿಟ್ಟುಕೊಂಡು ಬರೆದರೆ ಎಂಥವರದೂ ಅದೇ ವಾಕ್ಯ ಆಗಿಬಿಡುತ್ತದೆ. ಬರೆದಾದ ಮೇಲೆ ನಿಮ್ಮಲ್ಲಿ ಒಬ್ಬರು ಒಂದು ಪ್ಯಾರಾ ಆರಿಸಿ, ‘ಇದನ್ನು ಹಾಳೆ ನೋಡದೆ ನನಗೆ ಹೇಳು’ ಎಂದು ಕೇಳಿ. ಬರೆದವರಿಗೆ ಅದು ಎರಡು ನಿಮಿಷದ ಮಾತು. ಇಳಿಸಿಕೊಂಡವರು ಮೊದಲ ಕಷ್ಟದ ಪದಕ್ಕೇ ನಿಲ್ಲುತ್ತಾರೆ. ಈ ಪ್ರಶ್ನೆ ನಾಲ್ವರಿಗೂ ಇರಲಿ, ಅವಳೊಬ್ಬಳಿಗೇ ಆಗಬಾರದು. ನಿಮ್ಮ ಅಧ್ಯಾಯಗಳಲ್ಲಿ ಮೇಡಂ ಗುರುತಿಸದೆ ಬಿಟ್ಟ ನಕಲು ಇದ್ದರೆ ಈಗಲೇ ಹೊರಬಂದು ಸರಿಯಾಗುತ್ತದೆ.

ಎರಡನೇ ವಾರ ಐದು ಪುಟ, ಟಿಪ್ಪಣಿ ತೋರಿಸುವುದು ಹಾಗೇ ಮುಂದುವರಿಯಲಿ. ಅದೂ ಸರಿಯಾಗಿ ಬಂದರೆ ಮೂರನೇ ವಾರ ಉಳಿದದ್ದನ್ನು ಕೊಟ್ಟು, ಟಿಪ್ಪಣಿ ಕೇಳುವುದನ್ನು ನಿಲ್ಲಿಸಿ, ಮತ್ತು ನಿಲ್ಲಿಸಿದ್ದೇವೆ ಎಂದು ಅವಳಿಗೆ ಬಾಯಿಬಿಟ್ಟು ಹೇಳಿ.